ಎದುರಿನ ಕುರ್ಚಿ

ಅಧ್ಯಕ್ಷರು ಪಾಠದ ನಡುವೆಯೇ ಒಳಗೆ ಬಂದರು. ಬಾಗಿಲು ತಟ್ಟಲಿಲ್ಲ. ಕಾಲೇಜು ಅವರ ತಂದೆ ಕಟ್ಟಿಸಿದ್ದು, ಬಾಗಿಲೂ ತಮ್ಮದೇ ಅಂದುಕೊಂಡಿರಬೇಕು. ಜೊತೆಗೆ ಅಳತೆ ಟೇಪು ಹಿಡಿದ ಒಬ್ಬ ಮನುಷ್ಯ. ಅವನು ಯಾರ ಮುಖವನ್ನೂ ನೋಡದೆ ಗೋಡೆಯಿಂದ ಗೋಡೆಗೆ ಅಳೆಯುತ್ತ ನನ್ನ ಮೇಜಿನ ತನಕ ಬಂದು, ಸ್ವಲ್ಪ ಕಾಲು ತೆಗೆಯಿರಿ ಮೇಡಂ ಅಂದ. ನಾನು ತೆಗೆಯಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಆ ಹೊತ್ತು ಅದು ಮೂಗು ಬಿಟ್ಟಿಳಿದು ಕಾಲಿಗೆ ಬಂದಿತ್ತು.

ತತ್ವಶಾಸ್ತ್ರ ವಿಭಾಗ ಎಂದರೆ ಆ ಒಂದೇ ಕೋಣೆ. ಉದ್ದನೆಯ ಪಡಸಾಲೆಯ ಕೊನೆಯಲ್ಲಿ, ನೀರಿನ ಟ್ಯಾಂಕಿಗೆ ಅಂಟಿಕೊಂಡು, ವರ್ಷವಿಡೀ ಒಂದು ಗೋಡೆ ತಣ್ಣಗೆ. ಕಲಿಸುವವಳು ನಾನೊಬ್ಬಳೇ ಉಳಿದಿದ್ದೆ. ಕಲಿಯುವವರೆಲ್ಲ ಒಂದೇ ಬೆಂಚಿನಲ್ಲಿ, ಮೊಣಕೈಗೆ ಮೊಣಕೈ ತಗಲದಂತೆ ಆರಾಮವಾಗಿ ಕೂರುತ್ತಿದ್ದರು. ಬೇರೆ ವಿಭಾಗದವರು ನಮ್ಮ ಕೋಣೆಗೆ ಬರುತ್ತಿದ್ದದ್ದು ಮುರಿದ ಬೆಂಚು ಇಟ್ಟು ಹೋಗುವುದಕ್ಕೆ.

ಅಧ್ಯಕ್ಷರು ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೆತ್ತಗೆ ಮಾತಾಡುತ್ತಾರೆ, ಕಸ ಗುಡಿಸುವವರಿಗೂ ನಮಸ್ಕಾರ ಹೇಳುತ್ತಾರೆ. ಈ ಕೋಣೆಯನ್ನು ಮಕ್ಕಳಿಗೆ ಪ್ರಾರ್ಥನಾ ಕೊಠಡಿ ಮಾಡಬೇಕು ಎಂದು ಅವರಿಗೆ ಬಹಳ ದಿನದ ಆಸೆಯಂತೆ. ಈಗಿರುವ ವಿದ್ಯಾರ್ಥಿಗಳನ್ನು ಬೇರೆ ವಿಭಾಗಕ್ಕೆ ಸೇರಿಸುವುದು, ನನ್ನನ್ನು ಗ್ರಂಥಾಲಯದ ಮೇಲ್ವಿಚಾರಣೆಗೆ ಹಾಕುವುದು ಎಂದು ಆಗಲೇ ಮನಸ್ಸಿನಲ್ಲಿ ಎಲ್ಲ ಜೋಡಿಸಿಟ್ಟಿದ್ದರು. ನಾನು ಕಾರಣ ಕೇಳಿದೆ.

"ನೀವೂ ಬದುಕಿನ ಬಗ್ಗೆನೇ ಮಾತಾಡ್ತೀರಿ ಮೇಡಂ, ಗುರುಗಳೂ ಬದುಕಿನ ಬಗ್ಗೆನೇ ಮಾತಾಡ್ತಾರೆ," ಅಂದರು. "ಅವರ ಪ್ರವಚನಕ್ಕೆ ದಿನಾ ಸಂಜೆ ನಿಲ್ಲೋಕೆ ಜಾಗ ಇರಲ್ಲ. ಇಲ್ಲಿ ಬೆಂಚು ಖಾಲಿ. ಜನಕ್ಕೆ ಬೇಡದ್ದನ್ನ ಎಷ್ಟು ವರ್ಷ ಅಂತ ಇಟ್ಕೊಳ್ಳೋದು?"

ಬೆಂಚಿನ ಮೇಲಿದ್ದವರು ನನ್ನ ಬಾಯಿ ನೋಡುತ್ತಿದ್ದರು. ಯೋಚಿಸುವ ಮೊದಲೇ ಬಾಯಿ ಓಡಿತು. ಹಾಗಿದ್ದರೆ ಆ ಗುರುಗಳನ್ನೇ ಕರೆಸಿ, ಊರಿನ ದೊಡ್ಡ ಸಭಾಂಗಣದಲ್ಲಿ ಎದುರುಬದುರು ಮಾತಾಡೋಣ, ಬೇಕೋ ಬೇಡವೋ ಎಂದು ಜನವೇ ಹೇಳಲಿ ಎಂದುಬಿಟ್ಟೆ. ಅಧ್ಯಕ್ಷರಿಗೆ ಇದು ಎಷ್ಟು ಹಿಡಿಸಿತೆಂದರೆ ಅಲ್ಲೇ ಟೇಪು ಸುತ್ತಿಸಿದರು. ಜನ ನಿಮ್ಮನ್ನು ಒಪ್ಪಿದರೆ ವಿಭಾಗ ಉಳಿಯಿತು, ಇಲ್ಲದಿದ್ದರೆ ಕೋಣೆ ನನ್ನದು ಎಂದು ಎಲ್ಲರ ಮುಂದೆ ಮಾತು ಕೊಟ್ಟು ಹೋದರು. ಪ್ರಾಂಶುಪಾಲರು ಆಮೇಲೆ ನನ್ನನ್ನು ಕರೆಸಿ, ಹೋಗಿ ಹೋಗಿ ಹುಲಿ ಬಾಯಿಗೆ ತಲೆ ಕೊಟ್ಟಿರಲ್ಲ ಎಂದು ತಲೆ ಚಚ್ಚಿಕೊಂಡರು.

ಹುಲಿಯನ್ನು ನಾನು ಬಲ್ಲೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಇವತ್ತು ಊರೆಲ್ಲ ಕೈಮುಗಿಯುವ ಗುರುಗಳು ಒಂದು ಕಾಲಕ್ಕೆ ಅದೇ ಕೋಣೆಯಲ್ಲಿ ನನ್ನ ಸಹಪಾಠಿ. ನಾವು ಇಟ್ಟಿದ್ದ ಹೆಸರು ತಕರಾರು. ಕಿಟಕಿ ತೆಗೆಯಿರಿ ಎಂದರೂ ಯಾಕೆ ಎನ್ನುವ ಹುಡುಗ. ನಮ್ಮಿಬ್ಬರಿಗೂ ಕಲಿಸಿದ ಮೇಷ್ಟ್ರು ಒಬ್ಬರೇ, ಮತ್ತು ಆ ಮೇಷ್ಟ್ರದ್ದು ಒಂದೇ ಒಂದು ಕಟ್ಟುಪಾಡು.

ಕೋಣೆಯ ನಡುವೆ ಎರಡು ಕುರ್ಚಿ ಎದುರುಬದುರು ಇರುತ್ತಿದ್ದವು. ಯಾರನ್ನಾದರೂ ನೀನು ಹೇಳಿದ್ದು ತಪ್ಪು ಎನ್ನಬೇಕಿದ್ದರೆ ಮೊದಲು ಎದ್ದು ಹೋಗಿ ಅವರ ಕುರ್ಚಿಯಲ್ಲಿ ಕೂರಬೇಕು. ಅಲ್ಲಿ ಕೂತು ಅವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು. ಆಮೇಲೆ "ಸರಿಯಾಗಿ ಹೇಳಿದೆನಾ?" ಎಂದು ಕೇಳಬೇಕು. ಅವರು "ಹೌದು, ಇದೇ ನನ್ನ ಮಾತು" ಎನ್ನುವ ತನಕ ನಿನ್ನ ಕುರ್ಚಿಗೆ ವಾಪಸ್ಸು ಬರುವಂತಿಲ್ಲ. ಬಂದು ಕೂತ ಮೇಲಷ್ಟೇ 'ಆದರೆ' ಎನ್ನಬಹುದು. ಮೇಷ್ಟ್ರು ಹೋದ ಮೇಲೂ ನಾನು ಅದನ್ನು ಬಿಡಲಿಲ್ಲ. ನನ್ನ ವಿದ್ಯಾರ್ಥಿಗಳು ಕ್ಯಾಂಟೀನಿನಲ್ಲೂ ಕುರ್ಚಿ ಬದಲಾಯಿಸಿ ಜಗಳವಾಡಿ ನಗೆಪಾಟಲಾಗುತ್ತಿದ್ದರು.

ನಮ್ಮ ಮನೆಗೂ ಆ ಕಟ್ಟುಪಾಡು ಬಂದಿತ್ತು, ತಂದವರು ನಮ್ಮ ಮನೆಯವರು. ಅವರು ಲಿಫ್ಟ್ ಮೆಕ್ಯಾನಿಕ್. ತತ್ವಶಾಸ್ತ್ರ ಅವರಿಗೆ ತಲೆನೋವಿನ ಇನ್ನೊಂದು ಹೆಸರು, ಆದರೆ ಕುರ್ಚಿಯ ಸಂಗತಿ ಕೇಳಿದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕು, ಇದು ನಮ್ಮ ಮನೆಗೆ ಬೇಕಾಗಿದ್ದೇ ಅಂದರು. ಯಾಕೆಂದರೆ ನನಗೂ ಅತ್ತೆಗೂ ಮದುವೆಯಾದ ಮೊದಲ ವಾರದಿಂದಲೇ ಶುರುವಾಗಿತ್ತು. ಪಾತ್ರೆ ಬೋರಲು ಹಾಕಬೇಕೋ ಅಂಗಾತ ಇಡಬೇಕೋ ಎಂಬಲ್ಲಿಂದ ಹಿಡಿದು ಎಲ್ಲಕ್ಕೂ. ಇವರು ಅಡುಗೆಮನೆಗೆ ಎರಡು ಸ್ಟೂಲು ತಂದು ಹಾಕಿ, ಜಗಳ ಆಡಿ, ಯಾರು ಬೇಡ ಅಂದರು, ಮೊದಲು ಅಮ್ಮನ ಮಾತು ನೀನು ಹೇಳು, ನಿನ್ನ ಮಾತು ಅಮ್ಮ ಹೇಳಲಿ ಎನ್ನುತ್ತಿದ್ದರು. ಅತ್ತೆ ಮೊದಮೊದಲು ಮೂಗು ಮುರಿದರು. ಆಮೇಲೆ ನನಗಿಂತ ಪಳಗಿಬಿಟ್ಟರು. ನನ್ನ ವಾದವನ್ನು ನನ್ನದೇ ದನಿಯಲ್ಲಿ, ನನ್ನದೇ ಹಾಗೆ ಹುಬ್ಬೇರಿಸಿ ಒಪ್ಪಿಸಿ, "ಸರಿಯಾಗಿ ಹೇಳಿದೆನಾ?" ಎಂದರೆ ಇವರು ಬಾಗಿಲಿಗೆ ಒರಗಿ ನಗುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಹೌದು ಎನ್ನಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬೂಟು ಕಟ್ಟಲು ಮೆಟ್ಟಿಲ ಮೇಲೆ ಕೂತರು. ಕೂತವರು ಏಳಲಿಲ್ಲ.

ಅತ್ತೆ ಊಟ ಬಿಟ್ಟರು. ಮಾತು ಬಿಟ್ಟರು. ತಟ್ಟೆ ಮುಂದಿಟ್ಟರೆ ಅದರ ಅಂಚನ್ನು ಬೆರಳಲ್ಲಿ ಸವರುತ್ತ ಕೂರುತ್ತಿದ್ದರು. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಸಾವಿನ ಬಗ್ಗೆ ಅಷ್ಟು ವರ್ಷ ಪಾಠ ಮಾಡಿದ ನನ್ನ ಹತ್ತಿರ ಒಂದೇ ಒಂದು ವಾಕ್ಯವೂ ಇರಲಿಲ್ಲ. ಪಕ್ಕದ ಮನೆಯವರು ಬಲವಂತ ಮಾಡಿ ಅವರನ್ನು ಗುರುಗಳ ಪ್ರವಚನಕ್ಕೆ ಕರೆದುಕೊಂಡು ಹೋದರು. ಆ ಸಂಜೆ ಮನೆಗೆ ಬಂದವರೇ ತಟ್ಟೆ ಎಳೆದುಕೊಂಡು ಉಂಡರು. ಉಂಡು ನನ್ನನ್ನು ಕರೆದು, ಅವನು ಎಲ್ಲೂ ಹೋಗಿಲ್ಲವಂತೆ ಕಣೇ, ಲಿಫ್ಟು ಮೇಲಿನ ಮಹಡಿಗೆ ಹೋಗಿದೆ ಅಷ್ಟೇ, ನನ್ನನ್ನ ಕರ್ಕೊಂಡು ಹೋಗೋಕೆ ಇನ್ನೂ ಕೆಳಗೆ ಬಂದಿಲ್ಲ ಅಂದರು.

ಲಿಫ್ಟಂತೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರ ತಟ್ಟೆ ಖಾಲಿಯಾಗಿತ್ತು. ಹ್ಞೂಂ ಅತ್ತೆ ಎಂದೆ. ಅವತ್ತಿನಿಂದ ಪ್ರತಿ ಸಂಜೆ ಅವರು ಪ್ರವಚನದಿಂದ ಬಂದು ಏನಾದರೂ ಹೇಳುವುದು, ನಾನು ಹ್ಞೂಂ ಎನ್ನುವುದು. ಸ್ಟೂಲುಗಳು ಅಟ್ಟಕ್ಕೆ ಹೋದವು. ನಮ್ಮ ಮನೆಯಲ್ಲಿ ಜಗಳ ನಿಂತುಹೋಯಿತು ಎಂದು ನೆಂಟರೆಲ್ಲ ಮೆಚ್ಚಿಕೊಂಡರು.

ಸಭೆ ಇನ್ನೇನು ಹತ್ತಿರ ಬಂತು ಎನ್ನುವಾಗ ತಕರಾರು ಒಬ್ಬನೇ ನನ್ನ ಕೋಣೆಗೆ ಬಂದ. ಬಿಳಿ ಅಂಗಿ, ನರೆತ ಗಡ್ಡ, ನಡಿಗೆ ಮಾತ್ರ ಅದೇ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ನೆಟ್ಟಗೆ ಬಂದು ತನ್ನ ಹಳೆಯ ಕುರ್ಚಿಯಲ್ಲಿ ಕೂತ. ಟ್ಯಾಂಕಿನ ಕಡೆಯ ಗೋಡೆಯನ್ನು ಮುಟ್ಟಿ ನೋಡಿ, ಇನ್ನೂ ತಣ್ಣಗಿದೆಯಲ್ಲ ಎಂದು ನಕ್ಕ. ನನಗೂ ನಗು ಬಂತು, ಅದೇ ನನಗೆ ಸಿಟ್ಟು ತರಿಸಿತು.

ಯಾಕೆ ಇದೆಲ್ಲ ಬಿಟ್ಟು ಹೋದೆ ಎಂದು ಕೇಳಿದೆ.

"ಇಲ್ಲಿ ನನ್ನ ಮಾತು ಕೇಳೋಕೆ ನಾಲ್ಕು ಜನ ಇರ್ತಿದ್ರು. ನಾಲ್ಕೂ ಜನ ತಪ್ಪು ಹುಡುಕೋಕೆ ಕೂತಿರ್ತಿದ್ರು," ಅಂದ. "ನನ್ನ ಹತ್ರ ಬರೋರಿಗೆ ಸಂಜೆಯೊಳಗೆ ಉತ್ತರ ಬೇಕು. ಮಗು ಹೋಗಿರುತ್ತೆ, ಗಂಡ ಬಿಟ್ಟಿರ್ತಾನೆ. ಅವರಿಗೆ ನೀನು, ಮೊದಲು ಪ್ರಶ್ನೆ ಸರಿಯಾಗಿ ಕೇಳೋದು ಕಲಿ ಅಂತೀಯ. ಹೇಗೆ ಬರ್ತಾರೆ ಹೇಳು ನಿನ್ನ ಹತ್ರ?"

ಲಿಫ್ಟಿನ ಕತೆ ಕಟ್ಟಿದ್ದು ನೀನೇನಾ ಎಂದೆ. ಅವನು ಮುಖ ತಪ್ಪಿಸಲಿಲ್ಲ. ಹೌದು, ನಾನೇ, ಅವತ್ತಿನಿಂದ ಆ ತಾಯಿ ಉಣ್ಣುತ್ತಿದ್ದಾರೆ, ಅದು ಸುಳ್ಳೇನು ಎಂದು ಕೇಳಿದ.

ಹೊರಡುವಾಗ ಬಾಗಿಲಲ್ಲಿ ನಿಂತು, "ಅವತ್ತು ನನ್ನ ಮಾತು ಅರ್ಧಂಬರ್ಧ ಹೇಳಿ ಗೆಲ್ಲಬೇಡ," ಅಂದ. "ಪೂರ್ತಿ ಹೇಳು. ನೀನು ಮೇಷ್ಟ್ರ ಕೈಲಿ ಕಲಿತವಳು."

ಆ ಮಾತು ನನಗೆ ನಾಟಿತು. ಪೂರ್ತಿಯೇ ಹೇಳುತ್ತೇನೆ, ನೋಡುತ್ತಿರು ಎಂದುಕೊಂಡೆ.

ಸಭೆಯ ದಿನ ಮಧ್ಯಾಹ್ನವೇ ಸಭಾಂಗಣ ಕಿಕ್ಕಿರಿದಿತ್ತು. ಬಸ್ಸಿನ ಕಂಡಕ್ಟರುಗಳು, ಅಂಗಡಿಯವರು, ನರ್ಸುಗಳು, ಮಡಿಲಲ್ಲಿ ಚೀಲ ಇಟ್ಟುಕೊಂಡ ಹೆಂಗಸರು. ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಯಾರಿಗೂ ಬರುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಉಗುರು ಕಚ್ಚುತ್ತ ಪ್ರಾಂಶುಪಾಲರು. ನನ್ನ ವಿದ್ಯಾರ್ಥಿಗಳು ಗೋಡೆಗೆ ಅಂಟಿ ನಿಂತಿದ್ದರು. ಅತ್ತೆ ಎಂದಿನ ಹಾಗೆ ಪ್ರವಚನದ ಗೆಳತಿಯರ ನಡುವೆ ಕೂತಿದ್ದರು. ಬರಬೇಡಿ ಅತ್ತೆ ಎಂದು ಬೆಳಿಗ್ಗೆ ಹೇಳಿದ್ದೆ. ಯಾಕೆ ಬರಬಾರದು ಎಂದಿದ್ದರು.

ವೇದಿಕೆಯಲ್ಲಿ ಗುರುಗಳಿಗೆ ಒಂದು ಕುರ್ಚಿ, ನನಗೊಂದು, ನಡುವೆ ನೆಲಕ್ಕೆ ಬಿಗಿದ ಒಂದು ಮೈಕು. ತಕರಾರು ಎದ್ದು ಕೈಮುಗಿದು, ತಂಗಿ ಮೊದಲು ಮಾತಾಡಲಿ ಎಂದ. ನೀರು ಕುಡಿದು ಹೋಗಿ ಮೈಕಿನ ಮುಂದೆ ನಿಂತೆ.

ನಾನು ಮಾಡಿದ್ದು ಇಷ್ಟೇ. ಮೂವತ್ತು ವರ್ಷದಿಂದ ಮಾಡುತ್ತ ಬಂದದ್ದನ್ನೇ ಮಾಡಿದೆ. ಎದುರಿನವರ ಮಾತಿನಿಂದ ಶುರು ಮಾಡಿದೆ. ಇದು ನನ್ನ ಮಾತಲ್ಲ, ಗುರುಗಳ ಮಾತು, ನನ್ನದು ಆಮೇಲೆ ಬರುತ್ತದೆ ಎಂದು ಜನರಿಗೆ ಹೇಳಬೇಕೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಉಸಿರಾಡುವ ಮುಂಚೆ ಈಗ ಉಸಿರಾಡುತ್ತೇನೆ ಎಂದು ಯಾರಾದರೂ ಹೇಳುತ್ತಾರೆಯೇ? ಕೋಣೆಯಲ್ಲಾಗಿದ್ದರೆ ಕುರ್ಚಿ ನೋಡಿಯೇ ತಿಳಿಯುತ್ತಿತ್ತು. ಅಲ್ಲಿ ಮೈಕು ಒಂದೇ ಇತ್ತು.

ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ವಿಷಯ ಹೇಳಿದೆ. ಅವಳು ತಟ್ಟೆಯ ಅಂಚು ಸವರುತ್ತ ಕೂತದ್ದು, ಮನೆಯಲ್ಲೇ ಇದ್ದ ಓದಿದವಳೊಬ್ಬಳು ಬಾಯಿ ಕಟ್ಟಿದವಳ ಹಾಗೆ ನಿಂತದ್ದು, ಒಂದು ಸಂಜೆ ಯಾರೋ ಅವಳ ತಲೆಯ ಮೇಲೆ ಕೈಯಿಟ್ಟು ನಿನ್ನ ಮಗ ಇದ್ದಾನೆ ಎಂದದ್ದು. ಬದುಕು ಯಾರಿಗೂ ಕಾಯುವುದಿಲ್ಲ, ಎಲ್ಲ ಪರೀಕ್ಷೆ ಮಾಡಿ ಮುಗಿಸಿದ ಮೇಲೆ ನಂಬುತ್ತೇನೆ ಎನ್ನುವವನು ನಂಬುವ ಮುಂಚೆಯೇ ಸತ್ತಿರುತ್ತಾನೆ ಎಂದೆ. ಒಬ್ಬನೇ ಹೊರಲಾರದ ಭಾರವನ್ನು ಸಾವಿರ ಜನ ಒಟ್ಟಿಗೆ ಕೂತು ಹೊರುವ ಜಾಗ ಇದು, ಈ ಸಭಾಂಗಣ, ಅದಕ್ಕೇ ಇದು ತುಂಬಿದೆ ಎಂದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

"ಆ ತಾಯಿಗೆ ನಾನು ಕೊಟ್ಟದ್ದು ಒಂದು ಪ್ರಶ್ನೆ," ಎಂದು ಮುಗಿಸಿದೆ. "ಗುರುಗಳು ಕೊಟ್ಟದ್ದು ಒಂದು ತುತ್ತು ನುಂಗುವ ಶಕ್ತಿ."

ನಾನು ತಕರಾರಿನ ಕಡೆ ತಿರುಗಿ, ಕಟ್ಟುಪಾಡಿನ ಪ್ರಕಾರ ಕೇಳಿದೆ.

"ಸರಿಯಾಗಿ ಹೇಳಿದೆನಾ?"

ಅವನ ಕಣ್ಣಲ್ಲಿ ಒಂದು ಕ್ಷಣ ಹಳೆಯ ಹುಡುಗ ಕಂಡ. ನಿಧಾನವಾಗಿ ಎದ್ದು ನಿಂತ. "ಹೌದು," ಎಂದ. "ಇದೇ ನನ್ನ ಮಾತು."

ನಾನು ಉಸಿರು ಎಳೆದುಕೊಂಡು 'ಆದರೆ' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸಭಾಂಗಣವೇ ಎದ್ದು ನಿಂತಿತ್ತು. ಚಪ್ಪಾಳೆ ಕಿವಿಗೆ ಅಪ್ಪಳಿಸಿತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ನನಗೆ ಗೊತ್ತಾಯಿತು. ಶಿಷ್ಯೆಯೊಬ್ಬಳು ಗುರುವಿನ ಕಡೆ ತಿರುಗಿ ಸರಿಯಾಗಿ ಹೇಳಿದೆನಾ ಎಂದು ಕೇಳಿದಳು, ಗುರು ಹೌದೆಂದು ಹರಸಿದ. ಜನ ಕಂಡದ್ದು ಅದನ್ನು.

ತಕರಾರು ಮೈಕಿಗೆ ಬಂದು, ತಂಗಿ ನನ್ನ ಮಾತನ್ನೆಲ್ಲ ಆಡಿಬಿಟ್ಟಳು, ಇನ್ನು ನಾನೇನು ಹೇಳಲಿ, ಎಲ್ಲರೂ ಪ್ರಾರ್ಥನೆ ಮಾಡೋಣ ಎಂದ. ಅಧ್ಯಕ್ಷರು ತಡೆಯಲಾರದೆ ವೇದಿಕೆ ಹತ್ತಿ ಬಂದರು. ಅವರ ಕಣ್ಣೂ ಒದ್ದೆಯಾಗಿತ್ತು. ತತ್ವಶಾಸ್ತ್ರ ಎಂದರೆ ಇಂಥದ್ದು ಎಂದು ತಮಗೆ ತಿಳಿದೇ ಇರಲಿಲ್ಲ, ವಿಭಾಗ ಎಲ್ಲೂ ಹೋಗುವುದಿಲ್ಲ, ಇನ್ನು ಮುಂದೆ ಗುರುಗಳ ಮಾರ್ಗದರ್ಶನದಲ್ಲಿ ನಡೆಯುತ್ತದೆ, ಬೆಂಚೂ ತುಂಬುತ್ತದೆ ಎಂದು ಸಾರಿದರು. ಮತ್ತೆ ಚಪ್ಪಾಳೆ. ಪ್ರಾಂಶುಪಾಲರು ಕೂತಲ್ಲೇ ನನಗೆ ಎರಡೂ ಕೈ ಎತ್ತಿ ಮುಗಿದರು, ಬದುಕಿಸಿದಿರಿ ತಾಯಿ ಎನ್ನುವ ಹಾಗೆ.

ಪ್ರಾರ್ಥನೆ ಶುರುವಾಗುವ ಸದ್ದಿನಲ್ಲಿ ತಕರಾರು ನನ್ನ ಕಿವಿಯ ಹತ್ತಿರ ಬಗ್ಗಿದ.

"ಇಲ್ಲಿಗೆ ಬಿಡು. ನಿನ್ನ ಕೋಣೆ ಉಳೀತು. ಬಾಗಿಲು ಹಾಕ್ಕೊಂಡು ಒಳಗೆ ಏನು ಬೇಕಾದ್ರೂ ಕಲಿಸ್ಕೋ. ಯಾರು ಬಂದು ನೋಡ್ತಾರೆ?"

"ಬೇಕು ಅಂತಲೇ ಮಾಡಿದೆ ನೀನು," ಎಂದೆ.

"ಹೌದು. ನಿನಗೋಸ್ಕರನೇ ಮಾಡಿದೆ. ಸ್ವಲ್ಪ ನನಗೋಸ್ಕರನೂ."

ನನಗೆ ಆಸೆಯಾಯಿತು. ಅದನ್ನು ಮುಚ್ಚಿಟ್ಟು ಏನು ಮಾಡಲಿ? ಆ ತಣ್ಣನೆಯ ಗೋಡೆ, ಆ ಎರಡು ಕುರ್ಚಿ, ಆ ಒಂದು ಬೆಂಚು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಎಲ್ಲ ನನ್ನದು. ಸುಳ್ಳು ಕೂಡ ಹೇಳಬೇಕಾಗಿರಲಿಲ್ಲ. ಅದಲ್ಲದೆ ಉಳಿದ ಅರ್ಧ ಹೇಳಿದರೆ ಅದು ಮೊದಲು ತಾಗುವುದು ಯಾರಿಗೆ? ನಾಲ್ಕು ಜನರ ಮುಂದೆ ಅತ್ತೆಯ ತಟ್ಟೆ ಕಿತ್ತುಕೊಂಡ ಹಾಗಾಗುತ್ತದೆ. ಹ್ಞೂಂ ಎನ್ನುವುದು ನನಗೆ ರೂಢಿಯಾಗಿಯೇ ಇತ್ತಲ್ಲ, ಮನೆಯಲ್ಲಿ ಅಂದದ್ದನ್ನು ಇಲ್ಲಿಯೂ ಅಂದರಾಯಿತು ಎಂದುಕೊಂಡೆ. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದೂಬಿಟ್ಟೆ.

ಆಗ ಅತ್ತೆ ಕಂಡರು. ಇಡೀ ಸಭಾಂಗಣ ಕಣ್ಣು ಮುಚ್ಚಿ ನಿಂತು ಪ್ರಾರ್ಥನೆ ಹೇಳುತ್ತಿತ್ತು, ಅತ್ತೆಯೊಬ್ಬರೇ ಕೂತಿದ್ದರು. ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಏಳುವ ಜೀವ ಅದು. ಗೆಳತಿಯೊಬ್ಬಳು ಏಳಿಸಲು ತೋಳು ಹಿಡಿದರೆ ಆ ಕೈ ಸರಿಸಿದರು. ಚೀಲ ಮಡಿಲಲ್ಲಿ, ಎರಡೂ ಕೈ ಚೀಲದ ಮೇಲೆ, ಕಣ್ಣು ನೆಟ್ಟಗೆ ನನ್ನ ಮೇಲೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದದ್ದು ಹೀಗೆಯೇ, ಹೀಗೆಯೇ ಗದ್ದ ಎತ್ತಿ. ಮೊದಲ ಅರ್ಧ ಕೇಳಿಸಿಕೊಂಡಾಯಿತು, ಇನ್ನೊಂದು ಅರ್ಧಕ್ಕೆ ಕಾಯುತ್ತಿದ್ದೇನೆ ಎನ್ನುವ ಮುಖ. ಆ ಇಡೀ ಜನಸಾಗರದಲ್ಲಿ ನಾನು ಮಾತು ಮುಗಿಸಿಲ್ಲ ಎಂದು ತಿಳಿದು ಕೂತಿದ್ದವರು ಅವರೊಬ್ಬರೇ. ಅವರ ತುಟಿ ಬಿಗಿದಿತ್ತು. ಏನು ಬರುತ್ತದೆಂದು ಅವರಿಗೆ ಗೊತ್ತಿತ್ತು, ಆದರೂ ಕೂತಿದ್ದರು.

ನಾನು ಮೈಕಿಗೆ ಬಾಯಿ ಹಚ್ಚಿ, "ಆದರೆ," ಎಂದೆ.

ಪ್ರಾರ್ಥನೆ ಎಡವಿತು. ಕೆಲವರು ಕಣ್ಣು ಬಿಟ್ಟರು. ದಯವಿಟ್ಟು ಕೂತುಕೊಳ್ಳಿ, ನಾನು ಈತನಕ ಹೇಳಿದ್ದು ಗುರುಗಳ ಮಾತು, ನನ್ನ ಮಾತು ಈಗ ಶುರು ಎಂದೆ. ಯಾರೂ ಕೂರಲಿಲ್ಲ. ಅಧ್ಯಕ್ಷರು ಮುಖ ಕಪ್ಪಗೆ ಮಾಡಿ ಪಕ್ಕಕ್ಕೆ ಸನ್ನೆ ಮಾಡಿದರು, ಮೈಕು ಸತ್ತಿತು. ಹಾಗಾದರೆ ಹಾಗೇ ಆಗಲಿ ಎಂದು ಗಂಟಲೆತ್ತಿದೆ. ಟ್ಯಾಂಕಿನ ಸದ್ದಿನ ಮೇಲೆ ಪಾಠ ಮಾಡಿ ಮಾಡಿ ನನ್ನ ಗಂಟಲು ಕಬ್ಬಿಣವಾಗಿದೆ.

ಆ ತಾಯಿಯ ಮಗ ಲಿಫ್ಟ್ ಮೆಕ್ಯಾನಿಕ್ ಎಂದೆ. ನಿಮ್ಮಲ್ಲಿ ಯಾರೂ ಹಗ್ಗ ನೋಡಿ ಲಿಫ್ಟು ಹತ್ತುವುದಿಲ್ಲ, ನಂಬಿ ಹತ್ತುತ್ತೀರಿ, ಹತ್ತಲೇಬೇಕು, ಮೇಲೆ ಹೋಗಬೇಕಾದ ಕೆಲಸವಿರುತ್ತದೆ. ಆದರೆ ಯಾರೋ ಒಬ್ಬ ಎಣ್ಣೆ ಮೆತ್ತಿಕೊಂಡು ಲಿಫ್ಟಿನ ಕೆಳಗಿನ ಗುಂಡಿಗಿಳಿದು ಹಗ್ಗವನ್ನು ಬೆರಳಲ್ಲಿ ಸವರಿ ನೋಡಿರುತ್ತಾನೆ. ಅವನಿಗೆ ನಂಬು ಎಂದರೆ ಸಾಲದು. ಅವನು ನಂಬಿದ ದಿನ ನೀವು ಬೀಳುತ್ತೀರಿ. ನನ್ನ ಕೋಣೆ ಆ ಗುಂಡಿ. ಅಲ್ಲಿ ಜನ ತುಂಬಿರುವುದಿಲ್ಲ, ತುಂಬಬೇಕಾಗಿಯೂ ಇಲ್ಲ. ಒಂದು ಮಾತು ನನಗೆ ಬೇಕು, ಅದರಿಂದ ನನಗೆ ಊಟ ಸೇರುತ್ತದೆ ಎಂದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ನನಗೂ ಅದು ಬೇಕಾಗಿತ್ತು. ನಿಮ್ಮೆಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಹಗ್ಗ ನೋಡಿದೆ. ಅದು ಭಾರ ತಡೆಯಲಿಲ್ಲ.

ಇಷ್ಟನ್ನು ನಾನು ಬೆನ್ನುಗಳಿಗೆ ಹೇಳಿದೆ. ಜನ ಹೊರಗೆ ಹೋಗುತ್ತಿದ್ದರು. ಬಹಳಷ್ಟು ಜನಕ್ಕೆ ಸಿಟ್ಟೂ ಇರಲಿಲ್ಲ, ಬಸ್ಸು ಹಿಡಿಯುವ ಅವಸರ. ಸಿಟ್ಟು ಬಂದ ಕೆಲವರು ತೋಳು ಏರಿಸಿಕೊಂಡು ವೇದಿಕೆಯ ಮೆಟ್ಟಿಲ ತನಕ ಬಂದರು. ನನ್ನ ವಿದ್ಯಾರ್ಥಿಗಳು ಗೋಡೆ ಬಿಟ್ಟು ಓಡಿ ಬಂದು ಅವರಿಗೆ ಅಡ್ಡ ನಿಂತರು. ನಾನು ಮಾತು ನಿಲ್ಲಿಸಲಿಲ್ಲ. ತಕರಾರು ಕೈ ಎತ್ತಿದ. ಅವರು ನಿಂತರು. ಅವನು ಕೈ ಎತ್ತಿಕೊಂಡೇ ನಿಂತು ನನ್ನ ಮಾತನ್ನು ಕೊನೆಯ ತನಕ ಕೇಳಿದ.

"ಮೇಷ್ಟ್ರು ಇದ್ದಿದ್ರೆ ನಿನಗೇ ಅಂಕ ಕೊಡ್ತಿದ್ರು," ಅಂದ ಆಮೇಲೆ. "ಅಧ್ಯಕ್ಷರು ಕೊಡಲ್ಲ."

ಹುಳ್ಳಗೆ ನಕ್ಕು ಹೊರಟ, ಶಿಷ್ಯರು ಸುತ್ತುವರಿದು ಕರೆದುಕೊಂಡು ಹೋದರು. ಅಧ್ಯಕ್ಷರು ನನ್ನ ಮುಖ ನೋಡದೆ, ಸೋಮವಾರ ಟೇಪಿನವನು ಬರುತ್ತಾನೆ, ನಿಮ್ಮ ಸಾಮಾನು ತೆಗೆದಿಟ್ಟಿರಿ ಎಂದು ಪ್ರಾಂಶುಪಾಲರ ಮೂಲಕ ಹೇಳಿ ಕಳಿಸಿದರು. ಪ್ರಾಂಶುಪಾಲರು ಹೇಳಿ, ಅಲ್ಲಿ ನಿಲ್ಲಲಾರದೆ ಹೋದರು. ಅಲ್ಲಿಗೆ ವಿಭಾಗ ಮುಗಿಯಿತು. ವಿದ್ಯಾರ್ಥಿಗಳಿಗೆ ಮನೆಗೆ ಹೋಗಿ ಎಂದೆ. ಒಬ್ಬಳು ಅಳುತ್ತಲೇ ಹೋದಳು.

ಕೆಲಸದವರು ಹಿಂದಿನ ಸಾಲಿನಿಂದ ಕುರ್ಚಿ ಮಡಚಿ ಒಂದರ ಮೇಲೊಂದು ಹೇರುತ್ತ ಬರುತ್ತಿದ್ದರು. ಅತ್ತೆ ಎದ್ದಿರಲಿಲ್ಲ. ನಾನು ಕೆಳಗಿಳಿದು ಹೋಗಿ, ತಪ್ಪು ಮಾಡಿದ ಮಗುವಿನ ಹಾಗೆ ಅವರ ಮುಂದೆ ನಿಂತೆ. ಬೈಯಲಿ ಎಂದು ಕಾದೆ. ಅತ್ತೆ ಪಕ್ಕದ ಕುರ್ಚಿಯನ್ನು ಎಳೆದು ತಮ್ಮ ಎದುರಿಗೆ ತಿರುಗಿಸಿ ಇಟ್ಟರು. ನಾನು ಅದರಲ್ಲಿ ಕೂರಲು ಹೋದರೆ, ಅದು ನಿನ್ನದು, ಅದರಲ್ಲಿ ನಾನು ಕೂರಬೇಕು, ನೀನು ಇಲ್ಲಿ ಬಾ ಎಂದು ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅವರು ಕೂತಿದ್ದ ಕುರ್ಚಿ ಇನ್ನೂ ಬೆಚ್ಚಗಿತ್ತು.

"ನನ್ನ ಮಾತು ಸರಿಯಾಗೇ ಹೇಳಿದೆ," ಅಂದರು. "ತಟ್ಟೆ ಅಂಚು ಸವರ್ತಿದ್ದದ್ದನ್ನ ನೀನು ನೋಡ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ಈಗ ನಿನ್ನ ಮಾತು ನಾನು ಹೇಳ್ತೀನಿ."

ನಾನು ಬೇಡ ಅತ್ತೆ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಚೀಲವನ್ನು ನೆಲದ ಮೇಲಿಟ್ಟು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. ಈ ಸಲ ನನ್ನ ದನಿಯನ್ನು ಅಣಕಿಸಲಿಲ್ಲ, ಹುಬ್ಬೇರಿಸಲಿಲ್ಲ. ತಮ್ಮದೇ ದನಿಯಲ್ಲಿ ಹೇಳಿದರು.

"ಲಿಫ್ಟು ಮೇಲೆ ಹೋಗಿಲ್ಲ. ಮೇಲೆ ಮಹಡಿನೇ ಇಲ್ಲ. ನನ್ನ ಮಗ ಎಲ್ಲೂ ಇಲ್ಲ. ಇನ್ನು ಯಾವತ್ತೂ ಇರಲ್ಲ." ನನ್ನ ಕಣ್ಣನ್ನೇ ನೋಡಿ ಕೇಳಿದರು. "ಸರಿಯಾಗಿ ಹೇಳಿದೆನಾ?"

ಕುರ್ಚಿ ಮಡಚುವ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು. ಸಭಾಂಗಣಕ್ಕೆಲ್ಲ ಕೇಳುವಂತೆ ಕೂಗಿ ಬಂದವಳು ನಾನು. ಹಗ್ಗ, ಗುಂಡಿ ಎಂದೆಲ್ಲ ಹೇಳಿದ್ದೆ. ಈ ನಾಲ್ಕು ಮಾತನ್ನು ಮಾತ್ರ ಹೇಳಿರಲಿಲ್ಲ. ಅಲ್ಲಿಯೂ ಹೇಳಿರಲಿಲ್ಲ, ಮನೆಯಲ್ಲಿಯೂ ಹೇಳಿರಲಿಲ್ಲ, ಒಬ್ಬಳೇ ಇದ್ದಾಗ ನನಗೆ ನಾನೂ ಹೇಳಿಕೊಂಡಿರಲಿಲ್ಲ. ನಮ್ಮ ಮನೆಯವರ ಬೂಟು ಇನ್ನೂ ಮೆಟ್ಟಿಲ ಕೆಳಗೇ ಇದೆ, ಒಂದರ ದಾರ ಕಟ್ಟಿ, ಒಂದರದ್ದು ಕಟ್ಟದೆ. ಗುಡಿಸುವಾಗ ಅದನ್ನು ಸರಿಸಿ ಗುಡಿಸಿ ಮತ್ತೆ ಅಲ್ಲೇ ಇಡುತ್ತಿದ್ದದ್ದು ನಾನು, ಅತ್ತೆಯಲ್ಲ.

ಅತ್ತೆ ಕಾಯುತ್ತಿದ್ದರು. ಉತ್ತರ ಕೊಡದೆ ಏಳುವಂತಿಲ್ಲ. ತಿದ್ದುವುದಿದ್ದರೆ ತಿದ್ದಬೇಕು. ತಿದ್ದಲು ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ಹೌದು ಅತ್ತೆ," ಎಂದೆ. "ಇದೇ ನನ್ನ ಮಾತು."

ಅಂದದ್ದೇ ತಡ, ನಮ್ಮ ಮನೆಯವರು ಹೋದ ದಿನವೂ ಬಾರದಿದ್ದ ಅಳು ಬಂತು. ಹೊಟ್ಟೆಯಿಂದ ಕಿತ್ತುಕೊಂಡು ಬಂತು. ಕುರ್ಚಿ ಮಡಚುತ್ತಿದ್ದವರು ನಿಂತು ನೋಡಿ ಬೇರೆ ಸಾಲಿಗೆ ಹೋದರು. ಅತ್ತೆ ನನ್ನ ತಲೆಯ ಮೇಲೆ ಕೈಯಿಡಲಿಲ್ಲ, ಅಳಬೇಡ ಅನ್ನಲಿಲ್ಲ, ಯಾವ ಮಹಡಿಯ ಮಾತನ್ನೂ ಎತ್ತಲಿಲ್ಲ. ನಾನು ಅತ್ತು ಮುಗಿಸುವ ತನಕ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಆಮೇಲೆ ಎದ್ದು, ನನ್ನನ್ನೂ ಎಬ್ಬಿಸಿ ಜಾಗ ಬದಲಾಯಿಸಿ, ತಮ್ಮ ಕುರ್ಚಿಯಲ್ಲಿ ಕೂತು, ನನ್ನ ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಅದನ್ನು ಮುಂದಕ್ಕೆ ಎಳೆದುಕೊಂಡರು.

"ಆದ್ರೆ," ಎಂದರು.

ನಾನು ಮೂಗೊರೆಸಿಕೊಂಡು ಕೇಳುತ್ತ ಕೂತೆ.